ಕೆಳಗಿನ ಮನೆಯ ಪ್ರಿಂಟರ್

ಒಂದು ಪ್ರಿಂಟರ್‌ಗಾಗಿ ಯಾರಾದರೂ ಮನೆ ಒಡೆಯುತ್ತಾರಾ ಎಂದು ನಗಬೇಡಿ... ಮೊದಲು ಪೂರ್ತಿ ಓದಿ.

ರಾಣೆಬೆನ್ನೂರಿನಲ್ಲಿ ಒಂದು ಮನೆ. ಕೆಳಗೆ ಅಣ್ಣನ ಸಂಸಾರ, ಮಹಡಿಯಲ್ಲಿ ತಮ್ಮನ ಸಂಸಾರ.
ಊಟ ಮಾತ್ರ ಎಲ್ಲರದೂ ಕೆಳಗೆ, ಒಂದೇ ಒಲೆಯ ಅಡುಗೆ.

ಅಣ್ಣನ ಹೆಂಡತಿ ನೀಲಾಂಬಿಕಾ, ಎಲ್ಲರ ಬಾಯಲ್ಲಿ ನೀಲಕ್ಕ. ತಮ್ಮನ ಹೆಂಡತಿ ಸುವರ್ಣಾ ಮಹಡಿಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ.

ಎರಡೂ ಮನೆಗೆ ಸೇರಿ ವೈಫೈ ಒಂದೇ, ಪ್ರಿಂಟರ್ ಒಂದೇ. ಅದು ಇರುವುದು ಕೆಳಗಿನ ಹಾಲ್‌ನಲ್ಲಿ.

ಸುವರ್ಣಾ ಮೇಲೆ ಕೂತು ಲ್ಯಾಪ್‌ಟಾಪ್‌ನಲ್ಲಿ ಪ್ರಿಂಟ್ ಒತ್ತಿದರೆ ಕೆಳಗೆ ಪ್ರಶ್ನೆಪತ್ರಿಕೆ ಬರುತ್ತಿತ್ತು. ನೀಲಕ್ಕ ಅದನ್ನು ಚಹಾದ ಜೊತೆ ಮೇಲೆ ತಂದುಕೊಟ್ಟು, ಒಂದಷ್ಟು ಹೊತ್ತು ಹರಟೆ ಹೊಡೆದು ಇಳಿದು ಹೋಗುತ್ತಿದ್ದಳು.

ಹೀಗೇ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ ಬಿಡಿ...

ಸುವರ್ಣಾಳ ಆನ್‌ಲೈನ್ ಕ್ಲಾಸ್ ನಡುವೆ ನೆಟ್ ನಿಂತು ನಿಂತು ಬರತೊಡಗಿತು. ತನ್ನ ಕ್ಲಾಸಿನ ಹೊತ್ತಿಗೇ ಕೆಳಗಿನವರು ಬೇಕಂತ ಟಿವಿಯಲ್ಲಿ ಸಿನಿಮಾ ಹಾಕುತ್ತಾರೆ ಎಂದು ಅವಳ ತಲೆಯಲ್ಲಿ ಹುಳ ಹೊಕ್ಕಿತು.

ಗಂಡ ಮಹಾಂತೇಶನ ಬೆನ್ನು ಹತ್ತಿ ಮಹಡಿಗೆ ಬೇರೆ ವೈಫೈ ಹಾಕಿಸಿಕೊಂಡಳು. ಕೆಳಗಿನವರಿಗೆ ಒಂದು ಮಾತೂ ಹೇಳಲಿಲ್ಲ.

ಕ್ಲಾಸ್ ಸರಾಗವಾಯಿತು. ಆದರೆ ಪರೀಕ್ಷೆ ಹತ್ತಿರ ಬಂದು ಪ್ರಶ್ನೆಪತ್ರಿಕೆಗೆ ಪ್ರಿಂಟ್ ಕೊಟ್ಟರೆ... ಏನೂ ಬರಲಿಲ್ಲ.

ಲ್ಯಾಪ್‌ಟಾಪ್ ಆರಿಸಿ ಹಚ್ಚಿದಳು. ಧೂಳು ಒರೆಸುವ ನೆಪದಲ್ಲಿ ಕೆಳಗೆ ಹೋಗಿ ಪ್ರಿಂಟರನ್ನೂ ಆರಿಸಿ ಹಚ್ಚಿದಳು.

ಮಹಾಂತೇಶ ಮೊಬೈಲ್‌ನಲ್ಲಿ ವಿಡಿಯೋ ನೋಡುತ್ತಾ ಏನೇನೋ ಒತ್ತಿದ. "ಪ್ರಿಂಟರ್ ಆಫ್‌ಲೈನ್" ಅನ್ನುವುದು ಹೋಗಲೇ ಇಲ್ಲ.

ಅದೇ ಹೊತ್ತಿಗೆ ಕೆಳಗೆ ಭಾವನ ಕಾಗದಗಳು ಗರಗರ ಎಂದು ಬರುತ್ತಿದ್ದವು!

"ಅವರಿಗೆ ಬರತೈತಿ, ನಮಗ ಬರೂದಿಲ್ಲ ಅಂದ್ರ ಏನರ್ಥ?" ಎಂದು ಗಂಡನನ್ನು ಕೇಳಿದಳು. ಉತ್ತರವನ್ನೂ ಅವಳೇ ಕೊಟ್ಟಳು. ಪಾಸ್‌ವರ್ಡ್ ಬದಲಿಸಿದ್ದಾರೆ, ನಮ್ಮನ್ನು ಹೊರಗಿಟ್ಟಿದ್ದಾರೆ.

ಸಂಶಯ ಒಂದು ಸಲ ಒಳಗೆ ಬಂದರೆ ಕಂಡದ್ದೆಲ್ಲ ಸಾಕ್ಷಿಯೇ ನೋಡಿ...

ನೀಲಕ್ಕ ಮಹಡಿ ಹತ್ತುವುದನ್ನೇ ಬಿಟ್ಟಿದ್ದಳು. ಊಟಕ್ಕೆ ಕೂತಾಗ ಮಾತು ಕಡಿಮೆಯಾಗಿತ್ತು.

ಪ್ರಿಂಟರ್ ಸರಿ ಇದೆಯಾ ಎಂದು ಸುವರ್ಣಾ ಒಮ್ಮೆ ಮೆಲ್ಲಗೆ ಕೇಳಿದ್ದಕ್ಕೆ, ರೊಟ್ಟಿ ಬಡಿಸುತ್ತಾ "ಐತಿ" ಅಂದಳು, ಅಷ್ಟೇ. ಆ ಒಂದು ಮಾತಿಗೆ ಸುವರ್ಣಾ ಇಡೀ ದಿನ ಅರ್ಥ ಹುಡುಕಿದಳು.

ಮರುದಿನ ಕಿಟಕಿಯಿಂದ ನೋಡಿದರೆ, ನೀಲಕ್ಕ ಬಿಳಿ ಪೇಪರಿನ ಕಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಒಯ್ಯುತ್ತಿದ್ದಳು.

ಇನ್ನೇನು ಬೇಕು... ನನಗೆ ಸಿಗಬಾರದೆಂದು ಪೇಪರನ್ನೂ ಬಚ್ಚಿಡುತ್ತಿದ್ದಾಳೆ!

ಅವತ್ತೇ ಸುವರ್ಣಾ ತೀರ್ಮಾನ ಮಾಡಿದಳು. ಬರುವ ಭಾನುವಾರ ಹೊಸ ಗ್ಯಾಸ್ ಒಲೆ ತರುವುದು, ಮಹಡಿಯಲ್ಲೇ ಬೇರೆ ಅಡುಗೆ ಹೂಡುವುದು.

ಒಮ್ಮೆ ಅತ್ತಿಗೆಯನ್ನು ಕೇಳಿ ನೋಡೋಣ ಎಂದು ಮಹಾಂತೇಶ ಗೋಗರೆದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಶನಿವಾರ ಸಂಜೆ ಟ್ಯೂಷನ್ ಮಕ್ಕಳಿಗೆ ಟೆಸ್ಟ್ ಇತ್ತು. ಸುವರ್ಣಾ ಮತ್ತೆ ಮತ್ತೆ ಪ್ರಿಂಟ್ ಒತ್ತಿದಳು, ಮತ್ತೆ ಅದೇ ಆಫ್‌ಲೈನ್.

ಸಿಟ್ಟು ನೆತ್ತಿಗೇರಿತು. ಮುಖಕ್ಕೆ ಹಿಡಿದೇ ಕೇಳುತ್ತೇನೆ ಎಂದು ತೆರೆದ ಲ್ಯಾಪ್‌ಟಾಪನ್ನೇ ಎತ್ತಿಕೊಂಡು ಧಡಧಡ ಕೆಳಗಿಳಿದಳು.

ನೀಲಕ್ಕ ಹಾಲ್‌ನಲ್ಲಿ ಒಬ್ಬಳೇ ಕೂತು ಮೆಂತ್ಯ ಸೊಪ್ಪು ಸೋಸುತ್ತಿದ್ದಳು.

ಸುವರ್ಣಾ ಎದುರು ನಿಂತು ಇನ್ನೇನು ಬಾಯಿ ತೆರೆಯಬೇಕು...

ಪ್ರಿಂಟರ್ ಗರ್ರ್ ಎಂದಿತು.

ಒಂದು ಹಾಳೆ ಬಂತು. ಇನ್ನೊಂದು ಬಂತು. ಇಷ್ಟು ದಿನ ಒತ್ತಿದ್ದೆಲ್ಲ ಸಾಲಾಗಿ ಬರತೊಡಗಿತು... ಇಬ್ಬರೂ ಅದನ್ನು ಮುಟ್ಟಿರಲಿಲ್ಲ.

ಸುವರ್ಣಾ ಲ್ಯಾಪ್‌ಟಾಪ್ ಕಡೆ ನೋಡಿದಳು. ಮಹಡಿಯ ಹೊಸ ವೈಫೈ ಕೆಳಗಿನ ಹಾಲ್‌ವರೆಗೆ ಸಿಗುತ್ತಿರಲಿಲ್ಲ. ಲ್ಯಾಪ್‌ಟಾಪ್ ತಾನಾಗಿಯೇ ಕೆಳಗಿನ ಹಳೆಯ ವೈಫೈ ಹಿಡಿದಿತ್ತು.

ಅಂದರೆ ಪಾಸ್‌ವರ್ಡ್ ಯಾರೂ ಬದಲಿಸಿರಲಿಲ್ಲ. ಪ್ರಿಂಟರ್ ಇದ್ದದ್ದು ಆ ಹಳೆಯ ವೈಫೈನಲ್ಲೇ. ಅದನ್ನು ಬಿಟ್ಟು ಹೋದವಳು ಸುವರ್ಣಾಳೇ.

ಮೊದಲು ಮಾತಾಡಿದ್ದು ನೀಲಕ್ಕ.

"ಅಂತೂ ಕಳಿಸಿದ್ಯಲ್ಲಾ ತಂಗೀ... ಹೋದ ಸಲ ಪೇಪರ್ ಸಿಕ್ಕೊಂಡು ನಿನಗ ಬ್ಯಾಸರ ಆಗಿತ್ತು. ತೇವಾ ಹಿಡೀಬಾರದಂತ ದಿನಾ ಹಿತ್ತಲದಾಗ ಬಿಸಿಲಿಗೆ ಹಾಕಿ ಪ್ರಿಂಟರ್‌ಗೆ ತುಂಬಿ ಇಡಾಕತ್ತೀನಿ. ನೀ ಏನೂ ಕಳಸಲೇ ಇಲ್ಲ."

ಸಂಡಿಗೆ ಒಣಗಿಸುವ ಹಾಗೆ ಪ್ರಿಂಟರ್ ಪೇಪರ್ ಒಣಗಿಸುವವರನ್ನು ನೀವೆಲ್ಲಾದರೂ ಕಂಡಿದ್ದೀರಾ?

ಮೇಲೆ ಯಾಕೆ ಬರಲಿಲ್ಲ ಅಕ್ಕಾ ಎಂದು ಸುವರ್ಣಾ ತೊದಲುತ್ತಾ ಕೇಳಿದಳು.

ನೀಲಕ್ಕ ಸೊಪ್ಪಿನಿಂದ ಕಣ್ಣೆತ್ತಲಿಲ್ಲ.

"ಏನ್ ನೆಪ ಮಾಡ್ಕೊಂಡು ಬರ್ಲಿ? ವೈರ್ ಎಳಿಯೂದು ನೋಡಿದೆ, ನೆಟ್ ಬ್ಯಾರೆ ಮಾಡ್ಕೊಂಡ್ರಿ. ನಾ ಏನರ ಕೇಳಿದ್ರ ನಾಳೆ ಒಲಿನೂ ಬ್ಯಾರೆ ಮಾಡ್ತೀವಿ ಅಂತೀರೇನೋ ಅಂತ ಅಂಜಿಕಿ ಬಂತು. ಅದಕ್ಕ ಬಾಯಿ ಮುಚ್ಕೊಂಡು ಕುಂತೆ."

ಸುವರ್ಣಾಳ ಎದೆ ಒಡೆದು ಹೋಯಿತು. ನೀಲಕ್ಕನ ತೊಡೆಯ ಮೇಲೆ ತಲೆಯಿಟ್ಟು ಚಿಕ್ಕ ಮಗುವಿನ ಹಾಗೆ ಅತ್ತಳು.

ಪ್ರಿಂಟರ್ ಸರಿ ಹೋಯಿತಲ್ಲ, ಇನ್ನು ಯಾಕೆ ಅಳುತ್ತೀ ಎಂದು ನೀಲಕ್ಕ ಅವಳ ತಲೆ ಸವರಿದಳು.

ಮರುದಿನ ಒಲೆ ತರಲು ಯಾರೂ ಅಂಗಡಿಗೆ ಹೋಗಲಿಲ್ಲ.

ನೀಲಕ್ಕ ಅಂಜಿದ್ದು ನಿಜವಾಗಲು ಒಂದೇ ರಾತ್ರಿ ಉಳಿದಿತ್ತು... ಅದನ್ನು ಅವಳಿಗೆ ಹೇಳುವ ಧೈರ್ಯ ಸುವರ್ಣಾಳಿಗೆ ಇವತ್ತಿಗೂ ಬಂದಿಲ್ಲ.

*ನಮ್ಮನ್ನು ಹೊರಗಿಟ್ಟರು ಎಂದು ದೂರುವ ಮೊದಲು, ನಾವೇ ಎದ್ದು ಹೊರಗೆ ಬಂದಿದ್ದೇವಾ ಎಂದು ನೋಡಿಕೊಳ್ಳಬೇಕು.*

ನಿಮ್ಮ ಮನೆಯಲ್ಲೂ ಯಾರೋ ಮಾತು ಬಿಟ್ಟಿದ್ದಾರೆಂದು ನೀವು ಸಿಟ್ಟಾಗಿರಬಹುದು... ಅವರು ನಿಮಗೇ ಅಂಜಿ ಸುಮ್ಮನಿದ್ದಾರಾ ಎಂದು ಒಮ್ಮೆಯಾದರೂ ಕೇಳಿದ್ದೀರಾ?