ಕಣ್ಣಿಗೆ ಕಾಣದ ಆಟ

ಬ್ಯಾಸ್ಕೆಟ್‌ಬಾಲ್ ಫೈನಲ್ ಹತ್ತಿರ ಬಂದಿತ್ತು. ಆಟಗಾರ ಯತೀಶನನ್ನು ತಂಡದಿಂದ ಕೈಬಿಡಲೇಬೇಕೆಂದು ಕೋಚ್ ಹಟ ಹಿಡಿದಿದ್ದರು.

"ಈ ಸೀಸನ್ನಲ್ಲಿ ಅವನು ಎಸೆದ ಬಾಲು ಬುಟ್ಟಿಗೆ ಬಿದ್ದಿದ್ದು ನಾನಂತೂ ನೋಡಿಲ್ಲ ಸರ್."

ಕ್ಲಬ್ಬಿನ ಅಧ್ಯಕ್ಷರು ತಾವು ಹೊಸದಾಗಿ ಗೊತ್ತುಮಾಡಿದ್ದ ಅಂಕಿಅಂಶ ತಜ್ಞನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ಅವನು ಒಂದು ಪಂದ್ಯವನ್ನೂ ನೋಡಿದವನಲ್ಲ. ಜರ್ಸಿ ನಂಬರಷ್ಟೇ ಇದ್ದ ಸ್ಕೋರ್‌ಶೀಟುಗಳನ್ನೂ ಆಟಗಾರರ ಪಟ್ಟಿಯನ್ನೂ ತರಿಸಿಕೊಂಡು ಮನೆಯಿಂದಲೇ ಲೆಕ್ಕ ಹಾಕುತ್ತಿದ್ದ.

"ಕೋಚ್ ಸರ್, ಬರೀ ಬುಟ್ಟಿ ನೋಡಬೇಡಿ. ಯತೀಶ್ ಕೋರ್ಟಲ್ಲಿದ್ರೆ ತಂಡ ಮುಂದಿರುತ್ತೆ, ಹೊರಗೆ ಬಂದ್ರೆ ಹಿಂದೆ ಬೀಳುತ್ತೆ. ಮೊಣ್ಣಪ್ಪಂದು ಪೂರ್ತಿ ಉಲ್ಟಾ."

"ಮೊಣ್ಣಪ್ಪ ನಮ್ಮ ತಂಡದ ಜೀವ ಕಣಯ್ಯಾ!"

"ಅದು ಕಣ್ಣಿಗೆ ಆಗೋ ಮೋಸ ಸರ್. ಅಂಕಿ ಸುಳ್ಳು ಹೇಳಲ್ಲ."

ಅಧ್ಯಕ್ಷರಿಗೆ ಆ ಮಾತು ಬಹಳ ಹಿಡಿಸಿತು. ಯತೀಶ ಪೂರ್ತಿ ಆಡಲಿ, ಮೊಣ್ಣಪ್ಪ ಬೆಂಚಿನಲ್ಲಿ ಕೂರಲಿ ಎಂದು ತೀರ್ಮಾನ ಕೊಟ್ಟರು.

ಫೈನಲ್ ದಿನ ತಜ್ಞನನ್ನು ಕರೆಸಿ ಪಕ್ಕದಲ್ಲೇ ಕೂರಿಸಿಕೊಂಡರು. ಅರ್ಧ ಆಟ ಮುಗಿಯುವಷ್ಟರಲ್ಲಿ ತಂಡ ಮೂವತ್ತು ಅಂಕ ಹಿಂದಿತ್ತು.

ತಜ್ಞನಿಗೆ ತಡೆಯಲಾಗಲಿಲ್ಲ. "ಅಷ್ಟು ಹೇಳಿದ್ರೂ ಯತೀಶನ್ನ ಯಾಕೆ ಸರ್ ಹೊರಗೆ ಕೂರಿಸಿದೀರ?"

"ಅಲ್ಲೇ ಆಡ್ತಿದಾನಲ್ಲಪ್ಪ, ಐದನೇ ನಂಬರು."

"ನೀವು ಕಳಿಸಿದ ಪಟ್ಟೀಲಿ ಐದು ಮೊಣ್ಣಪ್ಪಂದು. ಯತೀಶಂದು ಎಂಟು. ಎಂಟು ಬೆಂಚಲ್ಲಿದೆ."

ಅಧ್ಯಕ್ಷರು ಬೆರಳಿನಲ್ಲಿದ್ದ ನೀಲಿ ಕಲ್ಲಿನ ಉಂಗುರವನ್ನು ಮೆಲ್ಲಗೆ ತಿರುಗಿಸಿದರು.

"ಎಂಟು ಶನಿ ಸಂಖ್ಯೆ, ಯತೀಶಂಗೆ ಆಗಿಬರಲ್ಲ ಅಂತ ಮೊದಲನೇ ಮ್ಯಾಚಿಗೇ ಇಬ್ಬರ ಜರ್ಸೀನೂ ನಾನೇ ಅದಲು ಬದಲು ಮಾಡ್ಸಿದ್ದೆ."