ಉಕ್ಕಿನಜ್ಜ ಎದ್ದ ಕತೆ

ಡಾಕ್ಟರ ಕೋಣೆಯಿಂದ ಹೊರಬಂದ ತಮ್ಮ ನಲ್ಲಿಯಲ್ಲಿ ಮುಖ ತೊಳೆದುಕೊಂಡು ವಾರ್ಡಿಗೆ ಹೋದ. ಮಂಚದ ಮೇಲೆ ಅಣ್ಣ ಮೊಬೈಲಿನಲ್ಲಿ ಕಾರ್ಟೂನು ನೋಡುತ್ತಿದ್ದ.

"ಉಕ್ಕಿನಜ್ಜನ ಎಪಿಸೋಡು ಸಿಕ್ತು ಕಣೋ."

ತಮ್ಮ ಅದನ್ನು ಮರೆತಿರಲಿಲ್ಲ. ಮುಸುಕಿನ ವೀರನೊಬ್ಬ ತಾನು ಚಿಕ್ಕಂದಿನಲ್ಲಿ ಪ್ರಾಣದಂತೆ ಹಚ್ಚಿಕೊಂಡಿದ್ದ ಮುದಿ ವೀರ ಉಕ್ಕಿನಜ್ಜನನ್ನು ಹುಡುಕಿಕೊಂಡು ಹೋಗುವ ಕತೆ. ಚಿಕ್ಕವರಿದ್ದಾಗ ಅಣ್ಣ ತಮ್ಮ ಇಬ್ಬರೂ ಅದನ್ನು ಟೀವಿಯಲ್ಲಿ ನೋಡುತ್ತಿದ್ದಾಗ, ಅಜ್ಜ ಸೇತುವೆಯಿಂದ ಬಿದ್ದ ಹೊತ್ತಿಗೇ ಅವರ ಬೀದಿಯಲ್ಲಿ ಕರೆಂಟು ಹೋಗಿತ್ತು. ತಮ್ಮನ ಅಳು ನೋಡಲಾರದೆ ಅಣ್ಣ ಕರೆಂಟಿದ್ದ ಹಿಂದಿನ ಬೀದಿಗೆ ಓಡಿ, ಕೊನೆ ನೋಡಿಕೊಂಡು ಬಂದು, "ಅಜ್ಜ ಎದ್ದ ಕಣೋ, ಏನೂ ಆಗಿಲ್ಲ" ಎಂದಿದ್ದ. ಆಮೇಲೇ ತಮ್ಮ ಊಟಕ್ಕೆ ಕೂತದ್ದು.

"ಡಾಕ್ಟ್ರು ಏನಂದ್ರು?" ಅಣ್ಣ ಕೇಳಿದ.

"ಭಯ ಬೀಳೋಂಥದ್ದು ಏನಿಲ್ವಂತೆ. ಇನ್ನೊಂದು ವಾರಕ್ಕೆ ಎದ್ದು ಓಡಾಡ್ತೀಯಂತೆ."

"ನನ್ನ ಮುಖ ನೋಡಿ ಹೇಳು."

"ನೋಡ್ತಾನೇ ಇದೀನಲ್ಲ," ಎಂದ ತಮ್ಮ, ಹೊದಿಕೆ ಸರಿಮಾಡುತ್ತ.

ಅಣ್ಣ ಮೊಬೈಲನ್ನು ಅವನತ್ತ ತಿರುಗಿಸಿದ. ಮುಸುಕಿನ ವೀರ ಬೆನ್ನಿಗೆ ಕಟ್ಟಿದ್ದ ಕೆಂಪು ವಸ್ತ್ರ ಬಿಚ್ಚಿ ಅಜ್ಜನ ಮುಖದ ಮೇಲೆ ಹೊದಿಸುತ್ತಿದ್ದ.

"ಅವತ್ತು ನಾನೂ ನಿಂಗೆ ಹಿಂಗೇ ಹೇಳಿದ್ದು."