ಹನ್ನೆರಡನೇ ಒಗಟಿನ ಉತ್ತರ

ಪುಸ್ತಕವನ್ನು ಯಾರಿಗೆ ಅರ್ಪಿಸಿದ್ದಾರೋ ಅವರು ಬದುಕಿರಬೇಕಾದರೆ ಆ ಅರ್ಪಣೆಯನ್ನು ದಿನಕ್ಕೊಬ್ಬರಾದರೂ ತಾವಾಗಿ ಓದಬೇಕು. ಬೇಡಿಕೊಂಡು ಓದಿಸಿದರೆ ಫಲವಿಲ್ಲ.

ಗ್ರಂಥಾಲಯ ಮುಚ್ಚಲು ಹತ್ತೇ ನಿಮಿಷವಿತ್ತು. ಸರ್ವಮಂಗಳೆ ಬರೆದ ನಲವತ್ತು ಒಗಟುಗಳ ಪುಸ್ತಕಕ್ಕೆ ಇಂದು ಸಿಕ್ಕವರು ಒಬ್ಬರೇ ಮುದುಕರು. ಅವರು ಅರ್ಪಣೆ, ಮುನ್ನುಡಿ ಎರಡನ್ನೂ ಹಾರಿಸಿಬಿಟ್ಟಿದ್ದರು. ಮನೆಯಲ್ಲಿ ಅಕ್ಕ ಗಿರಿಜೆಗೆ ಮಧ್ಯಾಹ್ನದಿಂದ ಏದುಸಿರು.

“ಹನ್ನೆರಡನೇದು ಬಿಡಿಸೋಕೇ ಆಗ್ತಿಲ್ಲ, ಉತ್ತರ ನೋಡಬೇಕು,” ಎಂದು ಗೊಣಗುತ್ತ ಮುದುಕರು ನೀರು ಕುಡಿಯಲು ಎದ್ದರು.

ಮೂಲೆಯಿಂದ ನೋಡುತ್ತಿದ್ದ ಸರ್ವಮಂಗಳೆ ಓಡಿಹೋಗಿ ಕೊನೆಯ ಪುಟದಲ್ಲಿ ಆ ಉತ್ತರವನ್ನು ಹೊಡೆದುಹಾಕಿ, ಪಕ್ಕದಲ್ಲಿ ಅರ್ಪಣೆ ಬರೆದಳು.

“ಏನಮ್ಮಾ ಇದು? ಉತ್ತರ ಇರಬೇಕಾದ ಕಡೆ ‘ನನ್ನ ಅಕ್ಕ ಗಿರಿಜೆಗೆ’ ಅಂತಿದೆಯಲ್ಲ!”

ಅಷ್ಟರಲ್ಲಿ ಫೋನ್ ಬಂತು. ಅಕ್ಕ ಎದ್ದು ಕೂತು ಕಾಫಿ ಕೇಳುತ್ತಿದ್ದಳಂತೆ.

ಕೆಡಿಸಲು ಇನ್ನು ಮೂವತ್ತೊಂಬತ್ತು ಉತ್ತರಗಳು ಉಳಿದಿದ್ದವು.